ಮೇಲಂತಸ್ತಿನ ನೆಲ

ಚೀಟಿಗೆ ಎಂಬತ್ತು ಪೆಸೊ.
ಚೀಟಿಯ ಜೊತೆಗೆ ಕಾಲಿಗೆ ಬಟ್ಟೆಯ ಗವಸು.
"ಚಪ್ಪಲಿ ಬಿಡಬೇಡಿ, ಮೇಲೇ ಹಾಕಿಕೊಳ್ಳಿ,
ನೂರು ವರ್ಷದ ಹಲಗೆ, ಗೀರಬಾರದು"
ಅಂದಳು ಬಾಗಿಲ ಹುಡುಗಿ, ಫೋನಿನಿಂದ ಕಣ್ಣೆತ್ತದೆ.
ಅಕ್ಕನ ಮಗ ತೋತೋಯ್‌ಗೆ ಆಗಲೇ ಖುಷಿ:
ಕಾಲಿಗೂ ಟೊಪ್ಪಿಗೆ!

ಕೆಳಗೆ ಕಲ್ಲು, ಮೇಲೆ ಮರ.
ಕಲ್ಲು ಕಡಲ ಹವಳದ್ದು, ಮರ ಬೆಟ್ಟದ್ದು,
ದುಡ್ಡು ನೆಗ್ರೋಸಿನ ಕಬ್ಬಿನದು.
ಎಲಿಸೆಯೊ ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತಾನೆ,
ಅವನ ಮಾತೂ ಸವೆದು ನುಣುಪಾಗಿದೆ
ಮೆಟ್ಟಿಲ ಕಟಾಂಜನದ ಹಾಗೆ.
ಕೆಳಗಡೆ ಸಾರೋಟು ನಿಲ್ಲುತ್ತಿತ್ತು, ಸಕ್ಕರೆ ಮೂಟೆ ಮಲಗುತ್ತಿತ್ತು,
ಜನ ಇರುತ್ತಿದ್ದದ್ದು ಮೇಲೆ, ಅಂದ.
ಜನ ಅಂದರೆ ಯಾರೆಂದು ಅವನು ಹೇಳಲಿಲ್ಲ,
ನಾವೂ ಕೇಳಲಿಲ್ಲ.

ಕಿಟಕಿಗೆ ಗಾಜಿಲ್ಲ, ಕಪ್ಪೆಚಿಪ್ಪು.
ಚೌಕ ಕತ್ತರಿಸಿ ಸಾಲುಸಾಲು ಕೂರಿಸಿದ್ದಾರೆ;
ಸರಿಸಿದರೆ ಗೋಡೆಗೆ ಗೋಡೆಯೇ ಸರಿಯುತ್ತದೆ,
ಮುಚ್ಚಿದರೆ ಬಿಸಿಲಿಗೆ ಅಕ್ಕಚ್ಚಿನ ಬಣ್ಣ.
ಅದರ ಕೆಳಗೊಂದು ಕಿರುಕಿಟಕಿ
ಮಲಗಿದವರಿಗೂ ಗಾಳಿ ಸಿಗಲೆಂದು.
ಕೋಣೆ ಕೋಣೆಯ ನಡುವೆ, ಸೂರಿನಡಿ,
ಮರದಲ್ಲಿ ಕೊರೆದ ಬಳ್ಳಿಯ ಜಾಲರಿ:
ಗಾಳಿಗೆ ದಾರಿ,
ಮಾತಿಗೂ.
ಇಂಥ ಮನೆಯಲ್ಲಿ ಗುಟ್ಟು ನಿಲ್ಲುವಂತಿಲ್ಲ.
ನನ್ನಜ್ಜಿ ಎಲ್ಲ ಕೇಳಿಸಿಕೊಂಡಿರಬೇಕು;
ಒಂದನ್ನೂ ಹೇಳದೆ ಹೋದಳು.

ನಾನು ಬಂದದ್ದು ನೆಲ ನೋಡಲು.
ಈ ಗೋಡೆಯಿಂದ ಆ ಗೋಡೆಗೆ ಒಂದೇ ಹಲಗೆ,
ಒಂದು ಕೆಂಪು, ಪಕ್ಕದ್ದು ಕಪ್ಪು.
ಇದರ ಮೇಲೆ ಲೋಲಾ ಪ್ರಿಮಿತಿವಾ
ಹನ್ನೊಂದರಿಂದ ಹತ್ತೊಂಬತ್ತರ ತನಕ ಕುಣಿದಳು.
ಕುಣಿತ ಅನ್ನುವುದು ಅವಳದೇ ಮಾತು.
ಬಲಗಾಲಡಿ ಅರ್ಧ ಸೀಳಿದ ತೆಂಗಿನ ಸಿಪ್ಪೆ,
ಕೈ ಬೆನ್ನಿಗೆ,
ಹಿಂದೆ ಮುಂದೆ, ಹಿಂದೆ ಮುಂದೆ,
ಡೋನ್ಯಾ ಕಾಂಡೆಲಾರಿಯಾಳ ಮುಖ ನೆಲದಲ್ಲಿ ಮೂಡುವ ತನಕ.
"ನನ್ನ ಮುಖ ಮೊದಲೇ ಮೂಡಿರುತ್ತಿತ್ತು" ಅನ್ನುತ್ತಿದ್ದಳು,
"ಅದು ಲೆಕ್ಕಕ್ಕಿರಲಿಲ್ಲ."
ಸಾಯುವಾಗಲೂ ಅವಳ ಬಲತೊಡೆ
ಎಡದ್ದಕ್ಕಿಂತ ದಪ್ಪ.

ಪಡಸಾಲೆಯ ಮೂಲೆಯಲ್ಲಿ ಎಲಿಸೆಯೊ
ಮರದ ಬಿಲ್ಲೆಯೊಂದನ್ನು ಎತ್ತಿದ: ತೂತು.
ಬಾಗಿಲಿಗೆ ಬಂದವರನ್ನು ಡೋನ್ಯಾ ಇಲ್ಲಿಂದಲೇ ನೋಡುತ್ತಿದ್ದಳಂತೆ,
ಹತ್ತಿಸುವವರೋ, ಅಲ್ಲೇ ನಿಲ್ಲಿಸುವವರೋ.
ಸರದಿಯಲ್ಲಿ ಎಲ್ಲರೂ ಬಗ್ಗಿದರು.
ಕೆಳಗೆ ಚೀಟಿ ಹುಡುಗಿಯ ಬೈತಲೆ,
ಫೋನಿನ ಬೆಳಕು.

ಅಷ್ಟರಲ್ಲಿ ಸರ್ರನೆ ಸದ್ದು.
ಅಡುಗೆಮನೆಯ ಹೊಸಿಲಿಂದ ಪಿಯಾನೋ ತನಕ
ತೋತೋಯ್ ಜಾರಿಕೊಂಡು ಬಂದಿದ್ದ.
ಎಲಿಸೆಯೊ ಗದರಿದ. ನಾನೂ ಗದರಿದೆ, ಗದರಬೇಕಲ್ಲ.
ಆಮೇಲೆ ಅವನು ಜಾರಿದ ಗೆರೆ ನೋಡಿದೆ:
ಸುತ್ತಲಿಗಿಂತ ಕೂದಲೆಳೆಯಷ್ಟು ಹೆಚ್ಚು ಮಿನುಗು.
ನನ್ನ ಗವಸು ತಿರುಗಿಸಿದೆ:
ಅಡಿಯಲ್ಲಿ ಕಂದು ಮೇಣ.

ಓ, ಹೀಗೋ.
ಆಳುಗಳಿಲ್ಲದ ಮನೆಯ ನೆಲವನ್ನು
ಮನಿಲಾದವರು, ಕೊರಿಯಾದವರು, ಮೊನ್ನೆ ಮದುವೆಯಾದವರು,
ನಾವು,
ದುಡ್ಡು ಕೊಟ್ಟು ಉಜ್ಜುತ್ತಿದ್ದೇವೆ.
ಅಜ್ಜಿ ಇದ್ದಿದ್ದರೆ ಬೊಚ್ಚುಬಾಯಿಗೆ ಕೈ ಅಡ್ಡ ಹಿಡಿದು
ನಗುತ್ತಿದ್ದಳು ಕೆಮ್ಮು ಬರುವಷ್ಟು.
ಅವಳ ಎಂಟು ವರ್ಷದ ಸಂಬಳ ಯಾರೂ ಬರೆದಿಟ್ಟಿಲ್ಲ;
ನನ್ನ ಎಂಬತ್ತು ಪೆಸೊಗೆ ರಸೀದಿ ಇದೆ.

ಉಳಿದವರು ಪಿಯಾನೋ ಸುತ್ತ ನಿಂತಾಗ
ಕೈ ಬೆನ್ನಿಗೆ ಕಟ್ಟಿ ಬಲಗಾಲು ಮುಂದಿಟ್ಟೆ.
ಹಿಂದೆ. ಮುಂದೆ.
ಮೂರನೆಯದಕ್ಕೇ ತೊಡೆ ಹಿಡಿಯಿತು.

ಕೆಳಗಿಳಿದು ಗವಸು ಕೊಟ್ಟೆ. ಹುಡುಗಿ ಬುಟ್ಟಿಗೆಸೆದಳು.
"ಯಾರು ಒಗೆಯುತ್ತಾರೆ ಇದನ್ನ?"
"ನಾನೇ, ಸೋಮವಾರ" ಅಂದಳು,
ಮೊದಲ ಸಲ ಕಣ್ಣೆತ್ತಿ.

ನಾನೂ ತಲೆಯೆತ್ತಿದೆ. ಚಾವಣಿಯ ತೂತಿನಲ್ಲಿ
ಒಂದು ಕಣ್ಣು, ತೋತೋಯ್‌ದು.
"ಯಾರದು ಅಲ್ಲಿ?" ದನಿ ದಪ್ಪ ಮಾಡಿ ಕೇಳಿದ.
ಉತ್ತರಕ್ಕೆ
ತುಸು ಹೊತ್ತು ಹಿಡಿಯಿತು ನನಗೆ.