ಒಂಬತ್ತನೇ ಪ್ರಶ್ನೆ

ಆಲ್ಬನಿಯ ವಿಚಾರಣಾ ಕೋಣೆಯಲ್ಲಿ
ಆಡಿದ್ದನ್ನೆಲ್ಲ ಬೆರಳಚ್ಚಿಸುವುದು ನನ್ನ ಕೆಲಸ.
ಬೆಳಿಗ್ಗೆಯಿಂದ ಕೋಟಿಗಳನ್ನು ಸೌಟಲ್ಲಿ ಬಡಿಸಿದರು:
ಇಂಗಾಲದ ಸುಂಕ ಇಷ್ಟು, ಗಾಳಿಯಂತ್ರಕ್ಕೆ ಅಷ್ಟು,
‘ನ್ಯಾಯಯುತ’ ಎಂಬ ಪದ ನಲವತ್ತು ಸಲ.

ಊಟವಾದ ಮೇಲೆ ವಾಂಡಾ ಗ್ರಾಬೊವ್‌ಸ್ಕಿ.
ಬಫಲೋದಿಂದ ರಾತ್ರಿ ಬಸ್ಸು ಹಿಡಿದು ಬಂದವಳು.
ಮೂರು ನಿಮಿಷ, ಎಂದರು.

ಹಿಮ ಸೊಂಟ ಮುಟ್ಟಿದ ವಾರ
ಓವನ್ನಿನ ಬಾಗಿಲು ತೆರೆದಿಟ್ಟು
ಅದರೆದುರು ಮೊಮ್ಮಗಳಿಗೆ ಮಗ್ಗಿ ಹೇಳಿಕೊಟ್ಟೆ, ಎಂದಳು.
ಶಾಖದ ಪಂಪಿಗೆ ರಾಜ್ಯ ಅರ್ಧ ದುಡ್ಡು ಕೊಡುತ್ತದಂತೆ.
ಅರ್ಜಿ ತಂದಿದ್ದೇನೆ. ಎಂಟರವರೆಗೆ ತುಂಬಿದ್ದೇನೆ.
ಒಂಬತ್ತು ಕೇಳುತ್ತದೆ: ಮನೆ ನಿಮ್ಮದೇ?

ಮೂವತ್ತೊಂದು ವರ್ಷದ ಬಾಡಿಗೆ, ಸ್ವಾಮಿ.
ನೆಲಮಾಳಿಗೆಯ ಬಾಯ್ಲರು ಮುನಿಸಿಕೊಂಡರೆ
ಯಾವ ಕೊಳವೆಗೆ ಒದೆಯಬೇಕೆಂದು ನನಗೆ ಗೊತ್ತು,
ಮಾಲೀಕನಿಗಲ್ಲ. ಅವನಿರುವುದು ಫ್ಲಾರಿಡಾದಲ್ಲಿ.
ಗ್ಯಾಸಿನ ಬಿಲ್ಲಿಗೆ ಹೊಸ ಸುಂಕ ಮಾತ್ರ
ಮನೆ ಯಾರದೆಂದು ಕೇಳದೆ ಬಂತು.

ಗಂಟೆ ಬಾರಿಸಿತು.
ಅಧ್ಯಕ್ಷರು ಧನ್ಯವಾದ ಹೇಳಿದರು, ಅಚ್ಚಿಸಿದೆ.
ಮುಂದಿನ ಹೆಸರು ಕೂಗಿದರು, ಅಚ್ಚಿಸಿದೆ.
ಆಮೇಲೆ, ನಿಯಮದಲ್ಲಿಲ್ಲ, ಆದರೂ
ಕಂಸದೊಳಗೆ ಒಂದು ಸಾಲು ಸೇರಿಸಿದೆ:
ಸಾಕ್ಷಿ ಇನ್ನೂ ನಿಂತಿದ್ದಾರೆ.