ಇತರೆ

ವೂಚ್ ಎಂದರೆ ನಮ್ಮ ಮಾತಲ್ಲಿ ದೋಣಿ.
ಊರಿನ ಹೊಳೆಗಳೆಲ್ಲ ಬೀದಿಯಡಿ, ಕೊಳವೆಗಳಲ್ಲಿ.
ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ಹಾಳೆಯಿಂದ ಪರದೆಗೆ ಅಂಕಿ ದಾಟಿಸುವುದು ನನ್ನ ಕೆಲಸ.

ಲಿಂಫೋಮಾ ಪ್ರಯೋಗ, ಹದಿನೇಳನೆಯವರು.
ಹೆಸರಿನ ಮೇಲೆ ಕರಿ ಶಾಯಿ.
ಬೆಳಕಿಗೆ ಹಿಡಿದರೆ ಕಾಣುತ್ತದೆ;
ಹಿಡಿಯುವಂತಿಲ್ಲ.

ಜ್ವರ, ಮೂವತ್ತೇಳು ಎಂಟು. ಗುಳಿಗೆ ನಾಲ್ಕು, ಊಟದ ನಂತರ.
'ಇತರೆ' ಎಂಬ ಪುಟ್ಟ ಚೌಕದಲ್ಲಿ, ಗೆರೆ ಮೀರಿ:
"ಬೀಟ್‌ರೂಟ್ ಸಾರು ಇವತ್ತು ಮೊಳೆ ನೆಕ್ಕಿದ ಹಾಗೆ.
ಹತ್ತನೇ ನಂಬರಿನ ಟ್ರಾಮು ನಾಲ್ಕು ನಿಮಿಷ ತಡ.
ನಾನು ಓಡಿಸುವಾಗ ಹೀಗಿರಲಿಲ್ಲ."

ಬರೆದೆ: ರುಚಿ ವ್ಯತ್ಯಾಸ, ಮೊದಲ ದರ್ಜೆ.
ಟ್ರಾಮಿಗೆ ಸಂಕೇತವಿಲ್ಲ.

ಡಾಕ್ಟರ್ ಯಾಗ್ನಾ ಮೊದಲೇ ಹೇಳಿದ್ದರಂತೆ,
ಮದ್ದು ನಿಮಗೆ ನಾಟುತ್ತದೆಂದು ಮಾತು ಕೊಡಲಾರೆ,
ಎಷ್ಟು ಕೊಡಬಹುದೆಂದು ನಿಮ್ಮಿಂದ ಕಲಿಯುತ್ತೇವೆ, ಅಷ್ಟೆ.
ಈ ಪೆನ್ನು ಬರೀತಿಲ್ಲ, ಎಂದರಂತೆ ಅವರು.
ಬೇರೆ ಪೆನ್ನು ಕೇಳಿ ರುಜು ಹಾಕಿದರು.

ನಲವತ್ತೊಂದನೇ ದಿನದಿಂದ ಚೌಕಗಳು ಖಾಲಿ.
ಮಾಹಿತಿ ಇಲ್ಲದ್ದಕ್ಕೆ ಕಾರಣ ಕೊಡಿ,
ಕೆಂಪಗೆ ಮಿನುಗಿತು ಪರದೆ.
ಕೊಟ್ಟೆ.

ಹದಿನೆಂಟನೆಯವರಿಗೆ ಮೂರೇ ಗುಳಿಗೆ.

ಸಂಜೆ, ಹಿಮ ಕೆಸರಾಗುವ ಹೊತ್ತು,
ನಿಲ್ದಾಣಕ್ಕೆ ಹತ್ತನೇ ನಂಬರು ಬಂತು.
ಗಡಿಯಾರ ನೋಡಿಕೊಂಡೆ.
ಆರು ನಿಮಿಷ.