ಐನೂರು ಗ್ರಾಂ

ಲಿಂಗರಾಜಪುರದ ಮೇಲ್ಸೇತುವೆ ಇಳಿದು ಎಡಕ್ಕೆ,
ಸೋಫಾ ರಿಪೇರಿ ಅಂಗಡಿಯ ಮಹಡಿ,
ತಗಡು ಹೊದಿಸಿದ ಕೋಣೆ. ಎರಡು ದಿನದ ತರಗತಿ.
ಆರು ಬೆಂಚು, ಆರು ವೈಸು, ಒಂದೇ ಫ್ಯಾನು.
ದಸ್ತಗೀರ್ ಸಾಬರು ಮೊದಲು ಹೇಳಿದ್ದು:
"ಪಿಸ್ತೂಲು ಖಾಲಿ ಅಂತ ತೋರಿಸಿ. ಇನ್ನೊಂದು ಸಲ ತೋರಿಸಿ."
ಆಮೇಲೆ: "ಒಬ್ಬೊಬ್ಬರೇ ಹೆಸರು ಹೇಳಿ."

ಹೀಗೊಂದು ಇದೆಯೆಂದು ಗೊತ್ತಿದ್ದರೆ ಬರುತ್ತಲೇ ಇರಲಿಲ್ಲ.
ಹಲ್ಲಿನ ಡಾಕ್ಟರು, ನಿವೃತ್ತ ಹವಾಲ್ದಾರ್ ಆರೋಕ್ಯದಾಸ್,
ಮೀಸೆ ಮೂಡುತ್ತಿರುವ ಇಬ್ಬರು ಹುಡುಗರು,
ಎಲ್ಲರ ಹೆಸರೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ನನ್ನ ಸರದಿ.
ಪ. ಪ.
ಮುಚ್ಚಿದ ತುಟಿ ತೆರೆಯಲಿಲ್ಲ.

"ಪದ್ಮಾ? ಪಾರ್ವತಿ?" ಡಾಕ್ಟರು ನೆರವಿಗೆ ಬಂದರು.
ಜನ ಹೀಗೆಯೇ. ಒಂದು ಬ್ಯಾಂಕಿನಲ್ಲಿ
ವರ್ಷವಿಡೀ ನಾನು ಪಾರ್ವತಿಯಾಗಿದ್ದೆ.
ಸಾಬರು ಮಾತ್ರ ಕನ್ನಡಕ ಒರೆಸುತ್ತ ಕೂತರು,
ಬಸ್ಸಿಗೆ ಕಾಯುವವರಂತಲ್ಲ,
ಹಾಲು ಉಕ್ಕಲೆಂದು ಕಾಯುವವರಂತೆ.
"ಪಂಕಜಾಕ್ಷಿ" ಅಂದೆ.
ಬರೆದುಕೊಂಡರು. ಅಷ್ಟೇ.

ಉಪನೋಂದಣಿ ಕಚೇರಿಯಲ್ಲಿ ದಿನಕ್ಕೆ ನೂರು ಹೆಸರು ಕರೆಯಬೇಕು ನಾನು:
ಮಾರಿದವರು, ಕೊಂಡವರು, ಸಾಕ್ಷಿಗೆ ಬಂದವರು.
ಪ-ಫ-ಬ-ಭ ಬಂದಾಗ
ಪಕ್ಕದ ಮೇಜಿನ ರೇಣು ನನಗಾಗಿ ಕೂಗುತ್ತಾಳೆ.
ಏರ್ ಪಿಸ್ತೂಲು ಹಿಡಿದದ್ದು ಅದಕ್ಕೇ.
ಹತ್ತು ಮೀಟರು ದೂರ, ಒಂದು ಕಪ್ಪು ಚುಕ್ಕೆ,
ಯಾರೂ ಏನೂ ಕೇಳದ ಒಂದೂಕಾಲು ಗಂಟೆ.

ಪಿಸ್ತೂಲು ಸೆಕೆಂಡ್ ಹ್ಯಾಂಡ್. ನೋಡಿದರೆ ಅದಕ್ಕೂ ಉಗ್ಗು.
ಟ್ರಿಗರು ಮೊದಲ ಹಂತ ಸರಾಗ, ಆಮೇಲೊಂದು ಗೋಡೆ,
ಗೋಡೆಯ ಮೇಲೆ ಮರಳು.
ಕರ್ರ್, ನಿಂತು, ಮತ್ತೆ ಕರ್ರ್,
ಅಷ್ಟರಲ್ಲಿ ಮಣಿಕಟ್ಟು ಸೋತು
ಗುಂಡು ಎಂಟರ ಗೆರೆಗೆ.
"ಇದಕ್ಕೆ ಕ್ರೀಪ್ ಅಂತಾರೆ" ಎಂದರು ಸಾಬರು.
ನಲವತ್ತೊಂದು ವರ್ಷದಿಂದ ನನ್ನ ಬಾಯಲ್ಲಿರುವುದಕ್ಕೆ
ಇಷ್ಟು ಪುಟ್ಟ ಹೆಸರನ್ನು ಯಾರೂ ಹೇಳಿರಲಿಲ್ಲ.

ಪಿನ್ನು ತಳ್ಳಿದೆ. ಸ್ಪ್ರಿಂಗು ಹಾರಿತು.
ಹವಾಲ್ದಾರರು ಮೊಣಕಾಲೂರಿ ಹುಡುಕಿಕೊಟ್ಟರು.
ಕೊನೆಗೆ ಕೈಗೆ ಬಂದದ್ದು
ಹುಣಸೆ ಬೀಜದಷ್ಟು ಉಕ್ಕು. ಇಷ್ಟೇನಾ?
ನೀಲಿ ಮಾರ್ಕರು ಬಳಿದು, ಜೋಡಿಸಿ, ಎಳೆದು, ಮತ್ತೆ ಬಿಚ್ಚಿದರೆ
ಬಣ್ಣ ಹೋದ ಜಾಗವೇ ಉಜ್ಜಿಕೊಳ್ಳುವ ಜಾಗ.
ಕಲ್ಲಿಗೆ ಒಂದು ಹನಿ ಎಣ್ಣೆ. ಒಂದೇ ದಿಕ್ಕು.
"ತೆಗೆದದ್ದು ವಾಪಸ್ ಬರಲ್ಲ ಅಮ್ಮಾ.
ನಾನು ಹಾಳು ಮಾಡಿದ್ದೆಲ್ಲ
ಇನ್ನೊಂದೇ ಒಂದು ಸಲ ಅಂತ ಉಜ್ಜಿದ್ದು."

ನಾನೂ ಇನ್ನೊಂದೇ ಒಂದು ಸಲ ಉಜ್ಜಿದೆ.
ಯಾರೂ ನೋಡದಾಗ ಸ್ಕ್ರೂವನ್ನೂ ಸಡಿಲಿಸಿದೆ.

ಭಾನುವಾರ ಸಂಜೆ ತೂಕದ ಪರೀಕ್ಷೆ.
ಹಿತ್ತಾಳೆಯ ಬಟ್ಟು, ಐನೂರು ಗ್ರಾಂ, ತಂತಿಯ ಕೊಕ್ಕೆ.
ಟ್ರಿಗರಿಗೆ ಸಿಕ್ಕಿಸಿ ನೆಲದಿಂದ ಎತ್ತಬೇಕು,
ಅರ್ಧ ಕಿಲೋ ಹೊರಬೇಕು, ಬಿಟ್ಟುಕೊಡಬಾರದು.
ನನ್ನದು, ಬಟ್ಟು ನೆಲ ಬಿಡುವ ಮೊದಲೇ,
ಟಕ್.

ಹುಡುಗರು ನಕ್ಕರು.
"ಹಗುರ ಆಯ್ತು" ಎಂದರು ಸಾಬರು.
ಹಗುರ ಆಗಲೆಂದೇ ಬಂದದ್ದಲ್ಲವೇ, ಎನ್ನಬೇಕಿತ್ತು.
ಹಕಾರ ನನಗೇನೂ ಕಷ್ಟವಲ್ಲ.
ಸ್ಕ್ರೂವನ್ನು ಕೂದಲೆಳೆಯಷ್ಟು ಬಿಗಿ ಮಾಡಿದರು:
"ಗೋಡೆ ಇರಲಿ ಅಮ್ಮಾ. ಗೋಡೆ ಇಲ್ಲದಿದ್ದರೆ
ಎಲ್ಲಿ ನಿಂತಿದ್ದೀನಿ ಅಂತ ಬೆರಳಿಗೆ ಹೇಗೆ ಗೊತ್ತಾಗಬೇಕು?
ಮರಳು ಹೋದರೆ ಸಾಕು."

ಎತ್ತಿದೆ.
ಬಟ್ಟು ನೆಲ ಬಿಟ್ಟಿತು, ಸ್ವಲ್ಪ ತೂಗಾಡಿತು,
ನಿಂತಿತು.

ಸೋಮವಾರ, ಟೋಕನ್ ಹದಿನೇಳು: ಪುಟ್ಟಮಾದಯ್ಯ.
ರೇಣು ಬಾಯಿ ತೆರೆದಳು. ಕೈ ಅಡ್ಡ ಹಿಡಿದೆ.
ತುಟಿ ಮುಚ್ಚಿಕೊಂಡಿತು. ಗೋಡೆ. ಇಲ್ಲಿದೆ.
ಸರ್ವರ್ ಡೌನ್ ಎಂದು ಯಾರೋ ಗೊಣಗುತ್ತಿದ್ದರು.
ಬಾಗಿಲ ಬಳಿಯ ಬೆಂಚಿನಿಂದ ಮುದುಕನೊಬ್ಬ
ನನ್ನ ತುಟಿ ನೋಡಿಯೇ ಎದ್ದು ನಿಂತಿದ್ದ,
ಟೋಪಿ ಕೈಯಲ್ಲಿ ಹಿಡಿದು,
ತನ್ನ ಹೆಸರಿನ ಉಳಿದದ್ದಕ್ಕೆ ಕಾಯುತ್ತ.